ಆಟದೊಳಗಣ ಹಳೇಬೀಡು, ಆಟದಲ್ಲಿಲ್ಲದ ಪಟ್ಟಣ

ವಿಡಿಯೋ ಆಟಗಳನ್ನು ಕುರಿತು ನಮ್ಮ ಪತ್ರಿಕೆಗಳಲ್ಲಿ ಪ್ರಕಟವಾಗುವ ಬರಹಗಳು ಬಹುಮಟ್ಟಿಗೆ ಎರಡೇ ತೆರನಾದುವು. ಹುಡುಗರು ಕೆಟ್ಟರು, ಕಣ್ಣು ಹಾಳಾಯಿತು, ಪರೀಕ್ಷೆಯಲ್ಲಿ ತೇರ್ಗಡೆಯಾಗಲಿಲ್ಲ ಎಂಬ ಹಿರಿಯರ ಮೊರೆ ಒಂದು. ಈ ಉದ್ಯಮದಲ್ಲಿ ಇಷ್ಟು ಸಾವಿರ ಕೋಟಿ ರೂಪಾಯಿಗಳ ವಹಿವಾಟು ನಡೆಯುವುದೆಂಬ ವ್ಯಾಪಾರಸ್ಥರ ಲೆಕ್ಕ ಇನ್ನೊಂದು. ಆಟದ ಒಳಗೆ ಏನಿದೆ, ಆಡಿದವನ ಮನಸ್ಸಿನಲ್ಲಿ ಅದು ಏನನ್ನು ಉಳಿಸಿ ಹೋಗುತ್ತದೆ ಎಂಬುದನ್ನು ಬರೆದವರು ವಿರಳ. ನಾಟಕವನ್ನು ನೋಡದೆಯೇ ಅದರ ವಿಮರ್ಶೆ ಬರೆಯುವವನನ್ನು ನಾವು ಸಹಿಸೆವು. ಈ ಆಟಗಳ ವಿಷಯದಲ್ಲಿ ಮಾತ್ರ ಆಡದವರದೇ ಮೇಲುಗೈ. ಕಳೆದ ಎರಡು ಬೇಸಗೆಗಳಲ್ಲಿ ಶ್ರೀರಂಗಪಟ್ಟಣದ ಗಂಜಾಮಿನಲ್ಲಿರುವ ನನ್ನ ಸೋದರಳಿಯನ ಮನೆಯಲ್ಲಿ ಕುಳಿತು, ಅವನಿಂದ ಹೇಳಿಸಿಕೊಂಡು, ಕೆಲವು ಆಟಗಳನ್ನು ನಾನೇ ಕೈಯಾರೆ ಆಡಿ ನೋಡಿದೆನಾಗಿ, ಕಂಡುದನ್ನು ವಾಚಕರ ಮುಂದಿಡುತ್ತೇನೆ. ನಾನು ಐವತ್ತೈದು ದಾಟಿದವನು, ಬೆರಳುಗಳು ಚುರುಕಲ್ಲ. ಆದರೆ ಆಟಗಾರನ ಚಾತುರ್ಯವನ್ನು ಮೆರೆಸುವುದು ಈ ಲೇಖನದ ಉದ್ದೇಶವೂ ಅಲ್ಲ.

ಸಣ್ಣ ಆಟಗಳ ಮಾತನ್ನು ಮೊದಲು ಮುಗಿಸಿಬಿಡುವೆನು. ರಷ್ಯಾದ ಅಲೆಕ್ಸಿ ಪಾಜಿತ್‌ನೋವ್ ಎಂಬ ಗಣಕಶಾಸ್ತ್ರಜ್ಞನು 1984ರ ಸುಮಾರಿನಲ್ಲಿ ರಚಿಸಿದ ‘ಟೆಟ್ರಿಸ್’ ಎಂಬ ಆಟದಲ್ಲಿ ಮೇಲಿನಿಂದ ಬೀಳುವ ಇಟ್ಟಿಗೆಗಳನ್ನು ಸಂದಿಲ್ಲದಂತೆ ಜೋಡಿಸಬೇಕು. ಸಾಲು ತುಂಬಿದೊಡನೆ ಅದು ಮಾಯವಾಗುತ್ತದೆ. ಮಾಡಿದ ಕೆಲಸವೆಲ್ಲ ಅಳಿಸಿಹೋಗಿ, ತಪ್ಪುಗಳು ಮಾತ್ರ ರಾಶಿಬೀಳುವ ಈ ಏರ್ಪಾಡು ಸರ್ಕಾರಿ ಕಚೇರಿಯಲ್ಲಿ ಮೂವತ್ತು ವರ್ಷ ದುಡಿದವನಿಗೆ ಹೊಸದೇನೂ ಅಲ್ಲ. ನೋಕಿಯಾ ದೂರವಾಣಿಗಳಲ್ಲಿ 1997ರಿಂದ ಬಂದ ಹಾವಿನ ಆಟವೂ ಇದೇ ಜಾತಿಯದು: ತಿಂದಷ್ಟೂ ಹಾವು ಬೆಳೆಯುತ್ತದೆ, ಬೆಳೆದಷ್ಟೂ ತನ್ನ ಬಾಲವನ್ನೇ ತಾನು ಕಚ್ಚುವ ಅಪಾಯ ಹೆಚ್ಚುತ್ತದೆ. ಇವುಗಳಿಗೆ ದೇಶವೂ ಇಲ್ಲ, ಭಾಷೆಯೂ ಇಲ್ಲ. ನಮ್ಮ ಜಗಲಿಯ ಮೇಲೆ ಸೀಮೆಸುಣ್ಣದಿಂದ ಗೆರೆಯೆಳೆದು ಆಡುತ್ತಿದ್ದ ಚೌಕಾಬಾರದಂತೆ, ಯಾರು ಎಲ್ಲಿ ಬೇಕಾದರೂ ಆಡಬಹುದು.

ಸಂತೆಮಾಳದಲ್ಲಿಯೂ ಬಸ್ ನಿಲ್ದಾಣದಲ್ಲಿಯೂ ಹುಡುಗರು ಗುಂಪುಗೂಡಿ ಆಡುವ ‘ಪಬ್‌ಜಿ’ಯನ್ನೂ ನೋಡಿದೆನು. ನೂರು ಮಂದಿ ಒಂದು ದ್ವೀಪದ ಮೇಲೆ ಇಳಿದು, ಕೊನೆಗೆ ಒಬ್ಬನೋ ಒಂದು ತಂಡವೋ ಉಳಿಯುವವರೆಗೆ ಪರಸ್ಪರ ಕೊಲ್ಲಬೇಕಾದುದು ಅದರ ನಿಯಮ. 2020ರ ಸೆಪ್ಟೆಂಬರಿನಲ್ಲಿ ಭಾರತ ಸರ್ಕಾರವು ಅದನ್ನು ನಿಷೇಧಿಸಿತು. 2021ರಲ್ಲಿ ಹೆಸರು ಬದಲಿಸಿಕೊಂಡು ಅದು ಮರಳಿತು. ನನ್ನನ್ನು ಪ್ರತಿಸಾರಿಯೂ ಯಾರೋ ಹಿಂದಿನಿಂದ ಗುಂಡಿಕ್ಕಿ ಕೊಂದುದರಿಂದ ಅದರ ಸೊಗಸನ್ನು ವರ್ಣಿಸಲಾರೆನು. ಹಣವಿಟ್ಟು ಆಡುವ ಇಸ್ಪೀಟು ಮೊದಲಾದುವುಗಳು ಆಟಗಳೇ ಅಲ್ಲ, ಜೂಜು. 2025ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿದ ಶಾಸನವು ಅವುಗಳನ್ನು ಬೇರ್ಪಡಿಸಿ ನಿಷೇಧಿಸಿದುದು ಯುಕ್ತವೆಂದೇ ನನ್ನ ಮತ. ಅದು ಅಲ್ಲಿಗೆ ಇರಲಿ.

ಈಗ ಮುಖ್ಯ ವಿಷಯಕ್ಕೆ ಬರುವೆನು. ಅಳಿಯನು ಒಂದು ಸಂಜೆ, “ಮಾವ, ನಿಮಗೆ ಬೇಕಾದ ಆಟವೊಂದಿದೆ, ಇದರಲ್ಲಿ ಹೊಯ್ಸಳರು ಬರುತ್ತಾರೆ” ಎಂದು ಹೇಳಿ ಪರದೆಯ ಮುಂದೆ ಕೂರಿಸಿದನು. ಆಟದ ಹೆಸರು ‘ಅನ್‌ಚಾರ್ಟೆಡ್: ದಿ ಲಾಸ್ಟ್ ಲೆಗಸಿ’. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿರುವ ನಾಟಿ ಡಾಗ್ ಎಂಬ ಸಂಸ್ಥೆಯವರು 2017ರ ಆಗಸ್ಟಿನಲ್ಲಿ ಅದನ್ನು ಹೊರತಂದರು. ಕ್ಲೋಯಿ ಫ್ರೇಜರ್ ಎಂಬ, ಭಾರತೀಯ ತಂದೆಯ ಮಗಳಾದ ಸಾಹಸಿ, ನಡೀನ್ ರಾಸ್ ಎಂಬ ದಕ್ಷಿಣ ಆಫ್ರಿಕದ ಸಂಗಾತಿಯೊಡನೆ ನಮ್ಮ ಪಶ್ಚಿಮ ಘಟ್ಟಗಳಿಗೆ ಬಂದು, ಹೊಯ್ಸಳರ ಕಾಲದ ‘ಗಣೇಶನ ದಂತ’ವೆಂಬ ನಿಧಿಯನ್ನು ಹುಡುಕುವುದೇ ಕಥೆ. ಆಸವ್ ಎಂಬ ದಂಗೆಕೋರರ ನಾಯಕನೂ ಅದನ್ನೇ ಅರಸುತ್ತಿರುತ್ತಾನೆ. ಕ್ಲೋಯಿಯ ತಂದೆ ಅದೇ ನಿಧಿಯನ್ನು ಅರಸುತ್ತ ಅಳಿದವನು. ಕಥೆ ಸಾಮಾನ್ಯವಾದುದು, ಹಳೆಯ ಪತ್ತೇದಾರಿ ಕಾದಂಬರಿಗಳಲ್ಲಿ ಇದನ್ನು ಓದದವರಿಲ್ಲ.

ಆದರೆ ದೃಶ್ಯವೈಭವವು ಸಾಮಾನ್ಯವಾದುದಲ್ಲ. ಜೀಪನ್ನು ತಿರುಗಿಸಿದೊಡನೆ ಕೆಸರು ಚಿಮ್ಮುವುದು, ಬೆಟ್ಟದ ಮರೆಯಿಂದ ಬಿಸಿಲು ಇಳಿಯುವುದು, ಜಲಪಾತದ ತುಂತುರು ಕಲ್ಲನ್ನು ಒದ್ದೆಮಾಡುವುದು, ಕ್ಲೋಯಿಯು ಭೂಪಟದ ಮೇಲೆ ಲೇಖನಿಯಿಂದ ಗುರುತು ಹಾಕಿಕೊಳ್ಳುವುದು, ಇವೆಲ್ಲವನ್ನೂ ಚಿತ್ರಿಸಿದ ಕೈಗಳಿಗೆ ತಲೆಬಾಗದಿರಲು ಸಾಧ್ಯವಿಲ್ಲ. ಕಲ್ಲಿನಡಿ ಸಿಲುಕಿದ ಆನೆಯೊಂದನ್ನು ಬಿಡಿಸಿ ಅದರ ಮೇಲೇರಿ ಸಾಗುವ ಭಾಗವಂತೂ ನನಗೆ ಬಹಳ ಹಿಡಿಸಿತು. ಗಣೇಶನ ದಂತ ಮುರಿದ ಕಥೆಯನ್ನೂ ಪರಶುರಾಮನ ಕೊಡಲಿಯನ್ನೂ ಅವರು ಪುರಾಣದಿಂದ ಎತ್ತಿಕೊಂಡು ಒಗಟುಗಳನ್ನಾಗಿ ಹೆಣೆದಿರುವರು. ಒಂದೆಡೆ ಬೆಳಕಿಗೆ ಅಡ್ಡಲಾಗಿರುವ ಶಿಲ್ಪದ ತುಂಡುಗಳನ್ನು ತಿರುಗಿಸಿ, ಗೋಡೆಯ ಮೇಲೆ ಬೀಳುವ ನೆರಳು ಸರಿಯಾದ ಚಿತ್ರವಾಗುವಂತೆ ಹೊಂದಿಸಬೇಕು. ನಾಗಮಂಗಲದ ಕಡೆಯ ತೊಗಲುಗೊಂಬೆಯಾಟವನ್ನು ಕಂಡ ನಾನು ಅದನ್ನು ಎರಡನೆಯ ಯತ್ನದಲ್ಲಿಯೇ ಬಿಡಿಸಿದೆನು, ಅಳಿಯನು ಆಶ್ಚರ್ಯಪಟ್ಟನು.

ಇಷ್ಟು ಸಂತೋಷಪಟ್ಟ ಮೇಲೆ, ಆಟದ ಹಳೇಬೀಡು ಕಣ್ಣಿಗೆ ಬಿತ್ತು. ಪರದೆಯ ಮೇಲಿನ ಹಳೇಬೀಡು ಬೆಟ್ಟದ ನೆತ್ತಿಯ ಮೇಲೆ, ಜಲಪಾತಗಳ ನಡುವೆ, ಆಕಾಶವನ್ನು ಮುಟ್ಟುವ ದೈತ್ಯ ವಿಗ್ರಹಗಳೊಡನೆ ನಿಂತಿರುವ ಮರೆತ ನಗರ. ಅದರ ಬಳಿಕ ಬರುವ ಬೇಲೂರು ಇನ್ನೂ ಗುಪ್ತವಾದ ನಗರ. ಅದನ್ನು ಕಾಣಲು ಪ್ರಾಣವನ್ನು ಒತ್ತೆಯಿಡಬೇಕು. ನಿಜವಾದ ಹಳೇಬೀಡು ಸಮತಟ್ಟಾದ ಬಯಲಿನಲ್ಲಿ, ಕೆರೆಯ ದಡದಲ್ಲಿದೆ. ಅಲ್ಲಿಂದ ಬೇಲೂರಿಗೆ ಹತ್ತು ಮೈಲಿ. ದಿನವಿಡೀ ಬಸ್ಸು ಓಡಾಡುತ್ತದೆ. ಬೇಲೂರಿನ ಚೆನ್ನಕೇಶವನಿಗೆ 1117ರಿಂದ ಇಂದಿನವರೆಗೂ ಪೂಜೆ ನಡೆದುಬಂದಿದೆ. ಯಾರೂ ಅವನನ್ನು ಕಳೆದುಕೊಂಡಿಲ್ಲವಾದುದರಿಂದ ಯಾರೂ ಹುಡುಕಬೇಕಾಗಿಯೂ ಇಲ್ಲ. ಬೇಲೂರು, ಹಳೇಬೀಡು, ಸೋಮನಾಥಪುರಗಳ ದೇವಾಲಯಗಳು 2023ರ ಸೆಪ್ಟೆಂಬರಿನಲ್ಲಿ ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ಸೇರಿದುವು. ನಾನು ಆಡಿದಷ್ಟು ಹೊತ್ತಿನಲ್ಲಿ ಹೊಯ್ಸಳರ ಆ ನಾಡಿನಲ್ಲಿ ಕನ್ನಡದ ಮಾತೊಂದೂ ನನ್ನ ಕಿವಿಗೆ ಬೀಳಲಿಲ್ಲ.

ಇದನ್ನು ಕಂಡು ಕೋಪಿಸಿಕೊಳ್ಳುವುದು ಸುಲಭ. ವಿದೇಶೀಯರು ನಮ್ಮ ಚರಿತ್ರೆಯನ್ನು ಕೆಡಿಸಿದರೆಂದು ಗರ್ಜಿಸಿ ಲೇಖನವನ್ನು ಇಲ್ಲಿಗೆ ಮುಗಿಸಬಹುದಾಗಿತ್ತು. ಆದರೆ ಈ ಸುಳ್ಳು ಹೇಗೆ ಹುಟ್ಟಿತೆಂಬುದನ್ನು ಆಡಿದವನು ಮಾತ್ರ ಅರಿಯಬಲ್ಲನು. ಈ ಆಟದ ಜೀವಾಳವೇ ಹತ್ತುವುದು. ಕೈಗೆ ಸಿಗುವ ಅಂಚು, ಕಾಲಿಡಲು ಚಾಚಿದ ಕಲ್ಲು, ಕೆಳಗೆ ಪ್ರಪಾತ, ಇವು ಇಲ್ಲದಿದ್ದರೆ ಆಟವೇ ಇಲ್ಲ. ಬಯಲಿನಲ್ಲಿ ಆಳೆತ್ತರದ ಜಗತಿಯ ಮೇಲೆ ನಿಂತಿರುವ ದೇವಾಲಯವನ್ನು ಎಲ್ಲಿಂದ ಹತ್ತುವುದು? ಆದುದರಿಂದ ಅವರು ಹಳೇಬೀಡನ್ನು ಬೆಟ್ಟಕ್ಕೆ ಏರಿಸಿದರು. ಹಾಗೆ ಏರಿಸುವಾಗ ಹೊಯ್ಸಳರ ನಿಜವಾದ ಹಿರಿಮೆ ಕೈಜಾರಿ ಹೋಯಿತು. ಆ ಹಿರಿಮೆಯು ಎತ್ತರದಲ್ಲಿಲ್ಲ, ಸೂಕ್ಷ್ಮದಲ್ಲಿದೆ.

ಇದಕ್ಕೆ ಸಾಕ್ಷಿಯನ್ನು ಅರಸಿ ಹಾಸನಕ್ಕೆ ಹೋಗಬೇಕಾಗಿಲ್ಲ. ಕೃಷ್ಣರಾಜಪೇಟೆಯ ಮಗ್ಗುಲಲ್ಲೇ ಹೊಸಹೊಳಲಿದೆ; ಅಲ್ಲಿನ ಲಕ್ಷ್ಮೀನಾರಾಯಣ ದೇವಾಲಯವು ವೀರಸೋಮೇಶ್ವರನ ಕಾಲದಲ್ಲಿ, 1250ರ ಸುಮಾರಿಗೆ ಕಟ್ಟಲ್ಪಟ್ಟುದು. ನಕ್ಷತ್ರಾಕಾರದ ಜಗತಿಯ ಮೇಲೆ ನಡೆಯುತ್ತ ಗೋಡೆಯ ಕೆಳಪಟ್ಟಿಕೆಗಳನ್ನು ನೋಡಿರಿ: ಆನೆಯ ಸಾಲು, ಅದರ ಮೇಲೆ ಕುದುರೆ, ಬಳ್ಳಿ, ಮತ್ತೆ ರಾಮಾಯಣ, ಭಾರತ, ಭಾಗವತದ ಕಥೆಗಳು, ಎಲ್ಲವೂ ಗೇಣುದ್ದದೊಳಗೆ. ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆದುವಾಗಿದ್ದು, ಗಾಳಿಗೆ ಒಡ್ಡಿದಂತೆ ಗಟ್ಟಿಯಾಗುವುದರಿಂದ, ಶಿಲ್ಪಿಯು ಅಕ್ಕಸಾಲೆಯಂತೆ ಕೆತ್ತಬಲ್ಲವನಾದನು. ಕಿಕ್ಕೇರಿಯ ಬ್ರಹ್ಮೇಶ್ವರ, ಗೋವಿಂದನಹಳ್ಳಿಯ ಪಂಚಲಿಂಗೇಶ್ವರ, ನಾಗಮಂಗಲದ ಸೌಮ್ಯಕೇಶವ, ಇವೆಲ್ಲ ನಮ್ಮ ಸುತ್ತಣ ತಾಲ್ಲೂಕುಗಳಲ್ಲಿಯೇ ಇವೆ. ಇವುಗಳ ಮುಂದೆ ನಿಂತವನು ತಲೆಯೆತ್ತಿ ಬೆರಗಾಗುವುದಕ್ಕಿಂತ ಹೆಚ್ಚಾಗಿ ಬಾಗಿ, ಕಣ್ಣನ್ನು ಹತ್ತಿರ ತಂದು ಬೆರಗಾಗುತ್ತಾನೆ. ಆಟದಲ್ಲಿ ಬಾಗಿ ನೋಡಲು ಹೇಳುವ ಗುಂಡಿಯಿಲ್ಲ, ಹಾರಲು ಇದೆ.

ಅಳಿಯನ ಸ್ನೇಹಿತರಲ್ಲಿ ಒಬ್ಬನಾದರೂ ಹೊಸಹೊಳಲನ್ನು ನೋಡಿರಲಿಲ್ಲ. ಆಟದ ಹಳೇಬೀಡಿನ ಪ್ರತಿ ತಿರುವೂ ಅವರಿಗೆ ಬಾಯಿಪಾಠವಾಗಿತ್ತು. ನನಗೆ ವಿಷಾದವುಂಟುಮಾಡಿದುದು ಇದೇ ಹೊರತು ಅಮೆರಿಕನ್ನರ ಕಲ್ಪನೆಯಲ್ಲ.

ಹೆಸರು ಬಂದು ಊರು ಸುಳ್ಳಾದ ಸಂಗತಿ ಇದಾದರೆ, ವಸ್ತು ಬಂದು ಹೆಸರೇ ಇಲ್ಲವಾದ ಸಂಗತಿಯನ್ನು ಇನ್ನೊಂದು ಆಟದಲ್ಲಿ ಕಂಡೆನು. ಅದು ನಮ್ಮ ಪಟ್ಟಣಕ್ಕೆ ನೇರವಾಗಿ ಸಂಬಂಧಿಸಿದುದು. ‘ಏಜ್ ಆಫ್ ಎಂಪೈರ್ಸ್’ ಎಂಬ ಸಾಮ್ರಾಜ್ಯ ಕಟ್ಟುವ ಆಟಗಳ ಮಾಲೆಯ ಮೂರನೆಯದು 2005ರಲ್ಲಿ ಬಂದಿತು. ಆಟಗಾರನು ಒಂದು ರಾಷ್ಟ್ರವನ್ನು ಆರಿಸಿಕೊಂಡು, ಹೊಸ ನೆಲದಲ್ಲಿ ವಲಸೆಗಾರರಿಂದ ಆಹಾರ, ಮರ, ನಾಣ್ಯಗಳನ್ನು ಕೂಡಿಹಾಕಿಸಿ, ಯುಗದಿಂದ ಯುಗಕ್ಕೆ ಮುಂದುವರಿದು, ಸೈನ್ಯ ಕಟ್ಟಿ ಎದುರಾಳಿಯನ್ನು ಸೋಲಿಸಬೇಕು. ಅಂದು ಅದರಲ್ಲಿದ್ದುವು ಎಂಟು ರಾಷ್ಟ್ರಗಳು: ಬ್ರಿಟನ್, ಫ್ರಾನ್ಸ್, ಸ್ಪೇಯಿನ್, ಪೋರ್ಚುಗಲ್, ಹಾಲೆಂಡ್, ಜರ್ಮನಿ, ರಷ್ಯಾ ಮತ್ತು ತುರ್ಕಿ. ಪ್ರತಿಯೊಂದಕ್ಕೂ ಬೇರೆಯವರಿಗೆ ಇಲ್ಲದ ಒಂದೆರಡು ವಿಶೇಷ ಪಡೆಗಳುಂಟು. ನಾನು ಬ್ರಿಟಿಷರನ್ನು ಆರಿಸಿಕೊಂಡು ಆಡುತ್ತಿರಲಾಗಿ, ನನ್ನ ಫಿರಂಗಿ ಕಾರ್ಖಾನೆಯಿಂದ ಒಂದು ವಿಶೇಷಾಸ್ತ್ರ ಹೊರಬಂದಿತು. ಅದರ ಹೆಸರು ‘ರಾಕೆಟ್’. ಎಂಟು ರಾಷ್ಟ್ರಗಳಲ್ಲಿ ಬ್ರಿಟಿಷರಿಗೆ ಮಾತ್ರ ಮೀಸಲಾದ ಆಯುಧ!

ಈ ಮಾತಿನ ಚೋದ್ಯವನ್ನು ಶ್ರೀರಂಗಪಟ್ಟಣದವನಿಗೆ ವಿವರಿಸಬೇಕಾಗಿಲ್ಲ. ಕಬ್ಬಿಣದ ಕೊಳವೆಯಲ್ಲಿ ಮದ್ದು ತುಂಬಿ, ಬಿದಿರಿಗೆ ಬಿಗಿದು ಹಾರಿಸುವ ಬಾಣವನ್ನು ಮೈಸೂರಿನ ಸೈನ್ಯವು ಹೈದರಾಲಿ ಮತ್ತು ಟಿಪ್ಪೂ ಸುಲ್ತಾನರ ಕಾಲದಲ್ಲಿ ಪಳಗಿಸಿತ್ತು. ಬಿದಿರಿನ ಅಥವಾ ಕಾಗದದ ಕೊಳವೆಗಿಂತ ಕಬ್ಬಿಣದ ಕೊಳವೆ ಹೆಚ್ಚು ಒತ್ತಡವನ್ನು ತಡೆಯುವುದರಿಂದ ಅದು ಹೆಚ್ಚು ದೂರ ಹಾರುತ್ತಿತ್ತು. ಇದೇ ಅದರ ಗುಟ್ಟು. 1780ರ ಪೊಳ್ಳಿಲೂರಿನ ಕಾಳಗದಲ್ಲಿ ಕರ್ನಲ್ ಬೈಲಿಯ ಮದ್ದಿನ ಬಂಡಿಗಳು ಸಿಡಿದುದಕ್ಕೆ ಈ ಬಾಣಗಳೇ ಕಾರಣವೆಂದು ಹೇಳುವರು. ಆ ಸ್ಫೋಟವನ್ನು ದರಿಯಾ ದೌಲತ್ತಿನ ಗೋಡೆಯ ಮೇಲೆ ಇಂದೂ ನೋಡಬಹುದು. 1799ರ ಮೇ 4ರಂದು ಕೋಟೆ ಬಿದ್ದ ಬಳಿಕ ಆಂಗ್ಲರು ವಶಪಡಿಸಿಕೊಂಡ ಬಾಣಗಳಲ್ಲಿ ಕೆಲವು ವುಲಿಚ್‌ನ ಶಸ್ತ್ರಾಗಾರಕ್ಕೆ ಹೋದುವು. ವಿಲಿಯಂ ಕಾಂಗ್ರೀವ್ ಎಂಬವನು ಅದೇ ತತ್ತ್ವದ ಮೇಲೆ ತನ್ನ ರಾಕೆಟ್ಟನ್ನು ಸಿದ್ಧಪಡಿಸಿದನು. 1806ರಲ್ಲಿ ಬುಲೋನಿನ ಮೇಲೆ, 1807ರಲ್ಲಿ ಕೋಪನ್‌ಹೇಗನ್ನಿನ ಮೇಲೆ, 1814ರಲ್ಲಿ ಅಮೆರಿಕದ ಬಾಲ್ಟಿಮೋರಿನ ಕೋಟೆಯ ಮೇಲೆ ಅದು ಬಿದ್ದಿತು. ಅಮೆರಿಕನ್ನರ ರಾಷ್ಟ್ರಗೀತೆಯಲ್ಲಿ ಬರುವ ರಾಕೆಟ್ಟುಗಳ ಬೆಳಕು ಈ ಬಾಲ್ಟಿಮೋರಿನದೇ. ಆಟದಲ್ಲಿಯೂ ಈ ಆಯುಧವನ್ನು ಉತ್ತಮಪಡಿಸುವ ಕ್ರಮಕ್ಕೆ ಕಾಂಗ್ರೀವನ ಹೆಸರೇ ಇದೆ.

ಇಲ್ಲಿಯೂ ದ್ವೇಷವನ್ನು ಕಾಣಬೇಕಾಗಿಲ್ಲ. ಆಟದಲ್ಲಿ ಎಂಟು ರಾಷ್ಟ್ರಗಳಿದ್ದುವು. ಮೈಸೂರು ಅವುಗಳಲ್ಲಿ ಇರಲಿಲ್ಲ. ಇಲ್ಲದವನ ಆಯುಧವು ಇದ್ದವನ ಕೈಗೆ ಸೇರಿತು. 1799ರಲ್ಲಿ ಆದುದೂ ಹಾಗೆಯೇ ಅಲ್ಲವೇ? 2007ರಲ್ಲಿ ಈ ಆಟಕ್ಕೆ ಸೇರಿಸಿದ ಹೊಸ ಭಾಗದಲ್ಲಿ ಭಾರತೀಯರು ಬಂದರು. ಆಗಲೂ ಅವರ ರಾಜಧಾನಿ ದೆಹಲಿ, ಕಟ್ಟುವ ಅದ್ಭುತಗಳಲ್ಲಿ ತಾಜಮಹಲು, ಆಗ್ರಾದ ಕೋಟೆ, ಚಾರ್‌ಮಿನಾರು, ಕಥೆ 1857ರದು. ಗೋವುಗಳನ್ನು ಕೊಲ್ಲದೆ ಪವಿತ್ರವಾದ ಹೊಲದಲ್ಲಿ ಮೇಯಿಸಿ ಅನುಭವಾಂಕ ಪಡೆಯುವ ಏರ್ಪಾಡು ಜಾಣತನದ್ದು, ಒಪ್ಪತಕ್ಕದ್ದು. ಸಿಪಾಯಿಗಳಿಗೆ ಅಪ್ಪಣೆ ಕೊಟ್ಟರೆ ಹಿಂದಿಯಲ್ಲಿ ಓಗೊಡುವರು. ಇದೇ ಮಾಲೆಯ ಎರಡನೆಯ ಆಟಕ್ಕೆ 2022ರಲ್ಲಿ ದ್ರಾವಿಡರನ್ನು ಸೇರಿಸಿರುವರು. ಅವರು ಓಗೊಡುವುದು ತಮಿಳಿನಲ್ಲಿ, ಅವರ ಕಥಾನಾಯಕ ರಾಜೇಂದ್ರ ಚೋಳ. ನಮ್ಮ ನೆರೆಯವರ ಭಾಗ್ಯಕ್ಕೆ ನಾನು ಕರುಬುವವನಲ್ಲ. ಆದರೆ ಕನ್ನಡದಲ್ಲಿ ಓಗೊಡುವ ಸೈನಿಕನೊಬ್ಬನನ್ನು ನಾನು ಆಡಿದ ಯಾವ ಆಟದಲ್ಲಿಯೂ ಕಾಣಲಿಲ್ಲ.

ಶಿವಮೊಗ್ಗ ಜಿಲ್ಲೆಯ ನಗರದಲ್ಲಿ 2018ರಲ್ಲಿ ಹಳೆಯ ಬಾವಿಯೊಂದನ್ನು ಶೋಧಿಸುವಾಗ ಪುರಾತತ್ತ್ವ ಇಲಾಖೆಯವರಿಗೆ ಇಂತಹ ಬಾಣಗಳು 1000ಕ್ಕೂ ಮಿಕ್ಕಿ ದೊರೆತುವು. ಸುದ್ದಿ ಒಂದು ವಾರ ಪತ್ರಿಕೆಗಳಲ್ಲಿ ಬಂದು ನಿಂತಿತು. ಇಲ್ಲಿ ಪಟ್ಟಣದಲ್ಲಿ 2017ರಲ್ಲಿ ರೈಲು ಮಾರ್ಗವನ್ನು ಜೋಡಿಯಾಗಿಸಲು ಟಿಪ್ಪುವಿನ ಶಸ್ತ್ರಾಗಾರವನ್ನು ಬುಡಸಹಿತ ಎತ್ತಿ ಸುಮಾರು ನೂರು ಮೀಟರು ಆಚೆಗೆ ಸರಿಸಿದರು. ಕಟ್ಟಡವನ್ನು ಕೆಡವದೆ ಸರಿಸಿದ ಆ ವಿದ್ಯೆಯನ್ನು ನೋಡಲು ಊರೇ ನೆರೆದಿತ್ತು. ಅದರೊಳಗೆ ಏನಿತ್ತು, ಆ ಮದ್ದು ಎಲ್ಲಿಗೆ ಹೋಯಿತು ಎಂದು ಕೇಳಿದವರನ್ನು ನಾನು ಕಾಣೆ.

ನಮ್ಮವರಿಗೆ ಆಟ ಕಟ್ಟಲು ಬಾರದೆಂದು ಭಾವಿಸಬಾರದು. ರಾಜೇಶ್ ರಾವ್ ಅವರು ಬೆಂಗಳೂರಿನಲ್ಲಿ 1997ರಲ್ಲಿ ಸ್ಥಾಪಿಸಿದ ಧ್ರುವ ಇಂಟರಾಕ್ಟಿವ್ ಭಾರತದ ಮೊದಲ ಆಟನಿರ್ಮಾಣ ಸಂಸ್ಥೆಗಳಲ್ಲಿ ಒಂದು. ವಿದೇಶೀ ಸಂಸ್ಥೆಗಳಿಗೆ ಚಿತ್ರ, ಆಕೃತಿಗಳನ್ನು ಮಾಡಿಕೊಟ್ಟು ಹೆಸರಾದ ಅದನ್ನು 2019ರಲ್ಲಿ ರಾಕ್‌ಸ್ಟಾರ್ ಎಂಬ ಪ್ರಸಿದ್ಧ ಸಂಸ್ಥೆ ಕೊಂಡುಕೊಂಡಿತು. ಆ ಸಂಸ್ಥೆಯ 2018ರ ‘ರೆಡ್ ಡೆಡ್ ರಿಡೆಂಪ್ಷನ್’ ಎರಡನೆಯ ಭಾಗದ ನಿರ್ಮಾಣದಲ್ಲಿ ಅದರ ಬೆಂಗಳೂರಿನ ಶಾಖೆಯೂ ಪಾಲುಗೊಂಡಿತ್ತು. ಅದನ್ನೂ ಆಡಿದೆನು. 1899ರ ಅಮೆರಿಕ, ಹಿಮ ಮುಚ್ಚಿದ ಬೆಟ್ಟಗಳಲ್ಲಿ ಕುದುರೆಗಳು ಹೊಟ್ಟೆಯುದ್ದ ಹಿಮದಲ್ಲಿ ಕಾಲೆಳೆಯುತ್ತವೆ, ಉಸಿರು ಹೊಗೆಯಾಗುತ್ತದೆ. ಹಿಮವನ್ನು ಎಂದೂ ಮೆಟ್ಟದ ನನಗೆ ಚಳಿಯಾಯಿತು. ಇಂತಹ ಲೋಕವನ್ನು ಕಟ್ಟುವ ಕೈಗಳಲ್ಲಿ ಬೆಂಗಳೂರಿನ ಕೈಗಳೂ ಸೇರಿವೆ. ಕೈ ನಮ್ಮದು, ಕೂಲಿ ನಮ್ಮದು, ಲೋಕ ಅವರದು. ಕರ್ನಾಟಕ ಸರ್ಕಾರವು ಈ ಉದ್ಯಮಕ್ಕಾಗಿ 2017ರಲ್ಲಿ ಒಂದು ನೀತಿಯನ್ನೂ 2024ರಲ್ಲಿ ಇನ್ನೊಂದನ್ನೂ ಪ್ರಕಟಿಸಿದೆ. ಇಂತಹ ನೀತಿಗಳು ಎಷ್ಟು ಉದ್ಯೋಗ ಹುಟ್ಟಿತೆಂಬುದರಿಂದಲೇ ಅಳೆಯಲ್ಪಡುವುದು ವಾಡಿಕೆ. ಕನ್ನಡದಲ್ಲಿ ಎಷ್ಟು ಆಟ ಹುಟ್ಟಿತೆಂಬುದೂ ಒಂದು ಅಳತೆಯಾಗಲೆಂದು ಅಧಿಕಾರವರ್ಗದವರಲ್ಲಿ ನನ್ನ ವಿಜ್ಞಾಪನೆ.

ದೊಡ್ಡ ಹಣವಿಲ್ಲದೆ ಇದು ಆಗದೆಂಬ ಆಕ್ಷೇಪಣೆ ಬರುವುದು ಸಹಜ. ಅದಕ್ಕೆ ಉತ್ತರವಾಗಿ ‘ವೆಂಬಾ’ ಎಂಬ ಆಟವನ್ನು ತೋರಿಸುವೆನು. ಕೆನಡಾದ ಟೊರಾಂಟೊ ನಗರದ ಒಂದು ಚಿಕ್ಕ ತಂಡವು 2023ರಲ್ಲಿ ಹೊರತಂದುದು. ತಮಿಳು ಕುಟುಂಬವೊಂದು ಕೆನಡಾಕ್ಕೆ ವಲಸೆ ಹೋಗಿದೆ. ತಾಯಿ ಊರಿನಿಂದ ತಂದ ಅಡಿಗೆಯ ಪುಸ್ತಕ ಹರಿದು, ಅಕ್ಷರಗಳು ಅಳಿಸಿಹೋಗಿವೆ. ಅದರಲ್ಲಿ ಉಳಿದುದನ್ನು ಓದಿ, ಅಳಿಸಿದುದನ್ನು ಊಹಿಸಿ ಅಡಿಗೆ ಮಾಡಬೇಕು. ಇಷ್ಟೇ ಆಟ. ಮೊದಲನೆಯ ಅಡಿಗೆ ಇಡ್ಲಿ. ತಟ್ಟೆಗಳನ್ನು ಯಾವ ಕ್ರಮದಲ್ಲಿ ಜೋಡಿಸಿದರೆ ಹಬೆ ಎಲ್ಲದಕ್ಕೂ ಸಮನಾಗಿ ತಾಗುವುದೆಂಬ ಸಮಸ್ಯೆಯಲ್ಲಿ ನಾನು ಸೋತೆನು. ಅಡಿಗೆಮನೆಯಿಂದ ಹಣಿಕಿದ ನನ್ನ ತಂಗಿ ಒಂದೇ ನೋಟಕ್ಕೆ ಬಿಡಿಸಿದಳು. ಮಗ ಬೆಳೆಯುತ್ತ ತಾಯಿಯ ಭಾಷೆಯಿಂದ ದೂರ ಸರಿಯುವ ಭಾಗವನ್ನು ಆಡುವಾಗ ಆಕೆಯೂ ಬಂದು ಪಕ್ಕದಲ್ಲಿ ಕುಳಿತಳು. ಆಕೆಯ ಹಿರಿಯ ಮಗನ ಸಂಸಾರ ಅಮೆರಿಕದಲ್ಲಿದೆ. ಮೊಮ್ಮಗಳು ದೂರವಾಣಿಯಲ್ಲಿ ಅಜ್ಜಿಯೊಡನೆ ಇಂಗ್ಲಿಷಿನಲ್ಲಿ ಮಾತಾಡುವಳು, ತಂಗಿ ‘ಹೂಂ’ ಎನ್ನುವಳು. ಆಟ ಮುಗಿದ ಮೇಲೆ, “ನಮ್ಮ ಹಿಟ್ಟಿಗೂ ಹೀಗೆ ಒಂದು ಮಾಡಬಾರದೇನೋ? ಗಂಟಾಗದ ಹಾಗೆ ತಿರುವೋದು ಯಾವ ಮಗೂಗೂ ಬರೋದಿಲ್ಲ” ಎಂದಳು. ಎಸರು ಕುದಿಯುವಾಗ ರಾಗಿಹಿಟ್ಟನ್ನು ಎಷ್ಟು ಹಾಕಬೇಕು, ಯಾವಾಗ ಕೋಲಾಡಿಸಬೇಕು, ಕೈಗೆ ಎಷ್ಟು ನೀರು ಸವರಿಕೊಂಡು ಮುದ್ದೆ ಕಟ್ಟಬೇಕು ಎಂಬುದರಲ್ಲಿ ಆಟವಾಗತಕ್ಕ ಕಷ್ಟ ಬೇಕಾದಷ್ಟಿದೆ.

ಆಟ ಕಟ್ಟುವುದು ಮೈಸೂರಿಗೆ ಹೊಸ ವಿದ್ಯೆಯೂ ಅಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು ಚದುರಂಗ, ಗಂಜೀಫಾ ಮೊದಲಾದ ಹಲವು ಆಟಗಳಲ್ಲಿ ನಿಷ್ಣಾತರಾಗಿ, ತಾವೇ ಹೊಸ ಹಾಸುಗಳನ್ನು ರಚಿಸಿದವರು. ಅವರ ‘ಶ್ರೀತತ್ತ್ವನಿಧಿ’ಯ ಒಂಬತ್ತು ನಿಧಿಗಳಲ್ಲಿ ಕೊನೆಯದಾದ ಕೌತುಕನಿಧಿ ಇಂತಹ ಆಟಗಳಿಗೇ ಮೀಸಲು. ಪಟ್ಟಣ ಬಿದ್ದ ವರ್ಷವೇ ಪಟ್ಟಕ್ಕೆ ಬಂದ ಅರಸರು ಅವರು.

ಕಳೆದುಹೋದ ರಾಜಧಾನಿಯ ಕಥೆಯೇ ಬೇಕೆನ್ನುವವರಿಗೆ ಅದೂ ಇಲ್ಲಿ ದೊರೆಯುತ್ತದೆ. 1311ರಲ್ಲಿ ಮಲಿಕ್ ಕಾಫರನ ಸೈನ್ಯ ದೋರಸಮುದ್ರಕ್ಕೆ ಬಂದಿತು. ಮುಂದೆ ಅದು ಮತ್ತೊಮ್ಮೆ ದೆಹಲಿಯ ದಂಡಿಗೆ ತುತ್ತಾದಾಗ, ಮೂರನೆಯ ಬಲ್ಲಾಳನು ತೊಂಡನೂರಿಗೆ ಬಂದು ನೆಲಸಿದನೆಂದು ಬಿ.ಎಲ್. ರೈಸರು ಬರೆದಿರುವರು. ಆ ತೊಂಡನೂರೇ ಪಾಂಡವಪುರ ತಾಲ್ಲೂಕಿನ ಇಂದಿನ ಕೆರೆತೊಣ್ಣೂರು. ಬೆಟ್ಟಗಳ ನಡುವೆ ಕಟ್ಟಿದ ಆ ದೊಡ್ಡ ಕೆರೆಯಿದೆ, ನಂಬಿನಾರಾಯಣನ ಗುಡಿಯಿದೆ, ಹತ್ತಲು ಬಂಡೆಗಳೂ ಇವೆ. ಕ್ಲೋಯಿಗೆ ಬೇಕಾದುದೆಲ್ಲವೂ ಇದೆ. ಬೆಂಗಳೂರಿನ ಚಿತ್ರಕಾರರಲ್ಲಿ ಯಾರಾದರೂ ಬೆಳಗಿನ ರೈಲು ಹತ್ತಿದರೆ ಮೂರು ಗಂಟೆಯೊಳಗೆ ನಮ್ಮ ಪಟ್ಟಣದಲ್ಲಿ ಇಳಿಯಬಹುದು. ನಿಲ್ದಾಣವು ಕೋಟೆಯ ಒಳಗೇ ಇದೆ. ದರಿಯಾ ದೌಲತ್ತಿನ ಗೋಡೆಯನ್ನು ನೋಡಿಕೊಂಡು, ಪಾಂಡವಪುರದ ಬಸ್ಸು ಹಿಡಿದು ಮುಂದೆ ಹೋದರೆ, ಮಧ್ಯಾಹ್ನದ ಊಟದ ಹೊತ್ತಿಗೆ ತೊಣ್ಣೂರಿನ ಕೆರೆಯ ಏರಿಯ ಮೇಲಿರುತ್ತಾರೆ.